ಒರೆಸಿದ ಮೇಲೆ ನರ ಮುಟ್ಟಿ ನೋಡಬೇಡಿ

ಪ್ರತಿ ತಿಂಗಳ ಮೊದಲ ವಾರ ನಾನು ಆಸ್ಪತ್ರೆಯ ಲ್ಯಾಬಿನಿಂದ ವಾರ್ಡಿಗೆ ಹೋದರೆ ಯಾರ ಮುಖದಲ್ಲೂ ನಗು ಇರುವುದಿಲ್ಲ. ನನ್ನ ಕೈಯಲ್ಲಿ ಒಂದು ಹಾಳೆ ಇರುತ್ತದೆ. ಹೋದ ತಿಂಗಳು ಈ ವಾರ್ಡಿನಿಂದ ಬಂದ ಬ್ಲಡ್ ಕಲ್ಚರ್ (ರಕ್ತದಲ್ಲಿ ಕ್ರಿಮಿ ಇದೆಯೇ ಎಂದು ಬಾಟಲಿಯಲ್ಲಿ ಬೆಳೆಸಿ ನೋಡುವ ಪರೀಕ್ಷೆ) ಎಷ್ಟು, ಅದರಲ್ಲಿ ರಕ್ತದ್ದಲ್ಲದ, ಬರೀ ಚರ್ಮದ ಕ್ರಿಮಿ ಬೆಳೆದದ್ದು ಎಷ್ಟು ಎನ್ನುವ ಲೆಕ್ಕ. ನೂರಕ್ಕೆ 3 ದಾಟಬಾರದು ಎನ್ನುವುದು ಹಳೆಯ ಮಿತಿ. ಲ್ಯಾಬ್ ಪರೀಕ್ಷೆಗಳಿಗೆ ಮಾನದಂಡ ರೂಪಿಸುವ ಅಮೆರಿಕದ ಸಂಸ್ಥೆ ಸಿಎಲ್‌ಎಸ್‌ಐ 2022ರಲ್ಲಿ, ಒಳ್ಳೆಯ ಪದ್ಧತಿ ಪಾಲಿಸುವವರಿಗೆ 1ರ ಗುರಿ ಇಟ್ಟಿದೆ.

"ಲ್ಯಾಬಲ್ಲೇ ಏನೋ ಆಗಿರಬೇಕು ಮೇಡಂ" ಅನ್ನುತ್ತಾರೆ ವಾರ್ಡಿನವರು. ಆಗಿರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಹೆಚ್ಚಿನ ಸಲ ತಪ್ಪು ಮಂಚದ ಪಕ್ಕದಲ್ಲೇ ನಡೆದಿರುತ್ತದೆ.

ಒಮ್ಮೆ ರಾತ್ರಿ ಸುಮ್ನೆ ನಿಂತು ನೋಡಿದೆ. ಸಿಸ್ಟರ್ ಬಹಳ ಚುರುಕು. ನರ ಹುಡುಕಿದರು, ಕ್ರಿಮಿ ಕೊಲ್ಲುವ ಕ್ಲೋರ್‌ಹೆಕ್ಸಿಡಿನ್ ಹಚ್ಚಿ ಚರ್ಮವನ್ನು ಚೆನ್ನಾಗಿ ಉಜ್ಜಿದರು. ಬೇಗ ಒಣಗಲಿ ಎಂದು ಬಾಯಿಂದ ಉಫ್ ಎಂದು ಊದಿದರು! ಆಮೇಲೆ ನರ ಅಲ್ಲೇ ಇದೆಯಾ ಎಂದು ಅದೇ ಜಾಗವನ್ನು ಬೆರಳಿಂದ ಒತ್ತಿ, ಸೂಜಿ ಚುಚ್ಚಿದರು. ಕೇಳಿದರೆ, "ಗ್ಲೌಸ್ ಹಾಕಿದ್ದೀನಲ್ಲ ಮೇಡಂ?"

ಇದನ್ನೇ ಎಷ್ಟು ಸಲ ಹೇಳಲಿ? ಡಬ್ಬಿಯಿಂದ ಎಳೆದುಕೊಂಡ ಗ್ಲೌಸ್ ಸ್ಟೆರೈಲ್ (ಕ್ರಿಮಿರಹಿತ) ಅಲ್ಲ. ಅದು ಕಾಪಾಡುವುದು ನಿಮ್ಮನ್ನು, ಬಾಟಲಿಯನ್ನಲ್ಲ. ಅದೇ ಗ್ಲೌಸಿನಲ್ಲಿ ಮಂಚದ ಕಂಬಿ, ಟ್ರೇ, ಜೇಬಿನ ಪೆನ್ನು ಎಲ್ಲ ಮುಟ್ಟಿ ಆಗಿರುತ್ತದೆ. ಒತ್ತಿ ನೋಡಿದ ಕ್ಷಣವೇ ಉಜ್ಜಿದ್ದೆಲ್ಲ ದಂಡ. ನರ ಮತ್ತೆ ಹುಡುಕಲೇಬೇಕಾದರೆ ಸ್ಟೆರೈಲ್ ಗ್ಲೌಸ್ ಹಾಕಿ, ಇಲ್ಲವೇ ಮತ್ತೆ ಮೊದಲಿಂದ ಉಜ್ಜಿ. ಬಾಟಲಿಯೊಳಗೆ ಇರುವುದು ಕ್ರಿಮಿಗೆ ಹಬ್ಬದೂಟ. ನಾಲ್ಕೈದು ಒಳಗೆ ಹೋದರೂ ಸಾಕು, ಮಷೀನ್ ಪಾಸಿಟಿವ್ ಎಂದು ಕೂಗುತ್ತದೆ. ಆಮೇಲೆ ಬೇಡದ ಆ್ಯಂಟಿಬಯೋಟಿಕ್ ವ್ಯಾಂಕೋಮೈಸಿನ್, ಇನ್ನೆರಡು ದಿನ ಆಸ್ಪತ್ರೆ, ಬಿಲ್ಲು ಕಟ್ಟುವವರ ಪೆಚ್ಚು ಮುಖ.

ಚರ್ಮದ ಕ್ರಿಮಿ ಬಂದರೆ ಯಾವಾಗಲೂ ಸುಳ್ಳು ಎಂದುಕೊಳ್ಳಬೇಡಿ. ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕಿದ ಕೊಳವೆ) ಅಥವಾ ಕೃತಕ ಹೃದಯ ಕವಾಟ ಇದ್ದವರಲ್ಲಿ ಅದೇ ನಿಜವಾದ ಸೋಂಕೂ ಆಗಿರಬಹುದು. ಅದಕ್ಕೇ ದೊಡ್ಡವರಿಗೆ ಎರಡು ಬೇರೆ ಜಾಗದಿಂದ ಎರಡು ಸೆಟ್ ಬಾಟಲಿ ಕೇಳುವುದು; ಎರಡರಲ್ಲೂ ಅದೇ ಕ್ರಿಮಿ ಬಂದರೆ ನಿಜವಿರುವ ಸಾಧ್ಯತೆ ಹೆಚ್ಚು. ಒಂದೇ ಬಾಟಲಿ ಕಳಿಸಿ "ಇದು ನಿಜವಾ ಮೇಡಂ?" ಎಂದು ಫೋನ್ ಮಾಡಿದರೆ ನಾನೇನು ಕಣಿ ಹೇಳಲಾ?

ಉಜ್ಜಿದ ಮೇಲೆ 30 ಸೆಕೆಂಡ್ ತಾನಾಗಿ ಒಣಗಲು ಬಿಡಿ. ಅಷ್ಟರಲ್ಲಿ ಬಾಟಲಿಯ ರಬ್ಬರ್ ಮುಚ್ಚಳಕ್ಕೆ ಸ್ಪಿರಿಟ್ ಹಚ್ಚಿ. ಮೇಲಿನ ಪ್ಲಾಸ್ಟಿಕ್ ತೆಗೆದ ಮಾತ್ರಕ್ಕೆ ಅದೂ ಸ್ಟೆರೈಲ್ ಅಲ್ಲ. ಇನ್ನೂ ಸಮಯ ಉಳಿದರೆ ಅಜ್ಜಿಗೆ ಯಾವ ಊರು ಎಂದು ಕೇಳಿ. ಅವರು ಊರಿನ ಕಥೆ ಶುರು ಮಾಡುವಷ್ಟರಲ್ಲಿ ಒಣಗಿರುತ್ತದೆ.