ಕಪ್ಪೆಯ ಬಾಯಿ ಬಿಡಿಸಬೇಡಿ, ಮೊದಲು ಬೆಚ್ಚಗೆ ಮಾಡಿ

ಕಳೆದ ಡಿಸೆಂಬರಿನ ಒಂದು ಸಂಜೆ. ಕ್ಲಿನಿಕ್ ಬಾಗಿಲು ಹಾಕುವ ಹೊತ್ತಿಗೆ ತಾಯಿ ಮಗ ಸ್ಕೂಟರಿನಲ್ಲಿ ಬಂದರು. ಹುಡುಗನ ಕೈಯಲ್ಲಿ ಐಸ್‌ಕ್ರೀಮಿನ ಖಾಲಿ ಡಬ್ಬಿ. ಮುಚ್ಚಳಕ್ಕೆ ಸೂಜಿ ಕಾಯಿಸಿ ಚುಚ್ಚಿದ ತೂತುಗಳು. ಒಳಗೆ ಒದ್ದೆ ಟಿಶ್ಯೂ ಮೇಲೆ ಒಂದು ಹಸಿರು ಪ್ಯಾಕ್‌ಮನ್ ಕಪ್ಪೆ, ಅಂದರೆ ಮನೆಯಲ್ಲಿ ಸಾಕುವ ಅಗಲ ಬಾಯಿಯ ವಿದೇಶಿ ಕಪ್ಪೆ, ಅಂಗೈ ಅರ್ಧ ತುಂಬುವಷ್ಟು ದೊಡ್ಡದು.

"ಡಾಕ್ಟ್ರೇ, ಹನ್ನೊಂದು ದಿನ ಆಯ್ತು, ಏನೂ ತಿಂದಿಲ್ಲ. ನೋಡಕ್ಕಾಗದೆ ಇವತ್ತು ನಾವೇ ಬಾಯಿ ಬಿಡಿಸಿ ಚಿಕನ್ ಚೂರು ಇಟ್ವಿ" ಅಂದರು ತಾಯಿ.

ಡಬ್ಬಿಯನ್ನು ಲೈಟಿನ ಕೆಳಗೆ ಹಿಡಿದು ನೋಡಿದೆ. ಕೆಳದವಡೆ ಎಡಕ್ಕೆ ವಾಲಿತ್ತು. ಬಾಯಿ ಪೂರ್ತಿ ಮುಚ್ಚುತ್ತಿರಲಿಲ್ಲ. ಸಂದಿಯಲ್ಲಿ ಚಿಕನ್ನಿನ ಬಿಳಿ ಎಳೆ ಸಿಕ್ಕಿಕೊಂಡಿತ್ತು. ಚಮಚದ ಹಿಡಿ ತೂರಿಸಿ ಬಾಯಿ ತೆಗೆದಿದ್ದರಂತೆ. ದವಡೆ ಮುರಿದಿತ್ತು.

ಅವರನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಪ್ರೀತಿಯಿಂದಲೇ ಮಾಡಿದ್ದರು. ಆದರೆ ಆ ಚಳಿಗಾಲ ಒಂದರಲ್ಲೇ ಹೀಗೆ ಬಲವಂತದ ಊಟ ತಿಂದು ಬಂದ ಕಪ್ಪೆಗಳಲ್ಲಿ ಇದು ಮೂರನೆಯದು. ಒಂದಕ್ಕೆ ಸಿರಿಂಜಿನಲ್ಲಿ ಹಾಲು ಕುಡಿಸಿದ್ದರು. ಇನ್ನೊಂದಕ್ಕೆ ಮೊಸರನ್ನ. ಕಪ್ಪೆಯ ಉಸಿರಿನ ದಾರಿ ನಾಲಿಗೆಯ ಹಿಂದೆ, ಬಾಯಿಯ ತಳದಲ್ಲೇ ತೆರೆದುಕೊಳ್ಳುತ್ತದೆ. ನೀವು ಹಾಕಿದ ಹಾಲು ಸೀದಾ ಅಲ್ಲಿಗೇ ಇಳಿಯಬಹುದು. ಹಾಲು ಕುಡಿದ ಕಪ್ಪೆ ಉಳಿಯಲಿಲ್ಲ.

ನಾನು ಚಿಕ್ಕಬಳ್ಳಾಪುರದಲ್ಲಿ ಪಶುವೈದ್ಯ. ನನ್ನ ಕೆಲಸದಲ್ಲಿ ಮುಕ್ಕಾಲು ಪಾಲು ಹಸು, ಕುರಿ, ನಾಯಿಗಳದ್ದು. ಈಚೆಗೆ ಬೆಂಗಳೂರಿನ ಅಂಗಡಿಗಳಿಂದ ಮಕ್ಕಳು ವಿದೇಶಿ ಕಪ್ಪೆ ತರುತ್ತಿದ್ದಾರೆ. ಹೆಚ್ಚಿನವು ಪ್ಯಾಕ್‌ಮನ್. ಅಪರೂಪಕ್ಕೆ ಆಸ್ಟ್ರೇಲಿಯಾ ಕಡೆಯ ಹಸಿರು ಮರಗಪ್ಪೆ. ಎಲ್ಲರದ್ದೂ ಒಂದೇ ದೂರು, ತಿನ್ನುತ್ತಿಲ್ಲ ಅಂತ. ನಾನು ಎಲ್ಲರಿಗೂ ಮೊದಲು ಕೇಳುವುದೂ ಒಂದೇ ಪ್ರಶ್ನೆ: ಕಪ್ಪೆ ಇಟ್ಟ ಗಾಜಿನ ಟ್ಯಾಂಕಿನಲ್ಲಿ ಎಷ್ಟು ಡಿಗ್ರಿ ಇದೆ? ಹತ್ತರಲ್ಲಿ ಒಬ್ಬರಿಗೂ ಗೊತ್ತಿರುವುದಿಲ್ಲ. "ಮನೆ ಒಳಗೇ ಇಟ್ಟಿದೀವಲ್ಲ ಸಾರ್" ಅನ್ನುತ್ತಾರೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಷ್ಟು ಸಲ ಹೇಳಿದರೂ ಇದೊಂದು ಮಾತು ಜನರ ಮನಸ್ಸಿಗೆ ಇಳಿಯುತ್ತಿಲ್ಲ.

ನಮ್ಮ ಮೈ ಹೊರಗೆ ಚಳಿ ಇದ್ದರೂ 37 ಡಿಗ್ರಿ ಹತ್ತಿರವೇ ಇರುತ್ತದೆ. ತಿಂದ ಅನ್ನದಲ್ಲಿ ಒಂದು ಪಾಲನ್ನು ನಾವು ಒಳಗೆ ಒಲೆ ಉರಿಸಲಿಕ್ಕೇ ಖರ್ಚು ಮಾಡುತ್ತೇವೆ. ಕಪ್ಪೆಗೆ ಆ ಒಲೆ ಇಲ್ಲ. ಸುತ್ತಲಿನ ಗಾಳಿ, ಮಣ್ಣು, ನೀರು ಎಷ್ಟು ಬೆಚ್ಚಗಿದೆಯೋ ಅದರ ಮೈಯೂ ಅಷ್ಟೇ. ಹೊಟ್ಟೆಯಲ್ಲಿ ಊಟ ಕರಗಿಸುವ ರಸಗಳು ಕೆಲಸ ಮಾಡಬೇಕಾದರೆ ಬಿಸುಪು ಬೇಕು. ಪ್ಯಾಕ್‌ಮನ್ ಕಪ್ಪೆಗೆ ಹಗಲು 24ರಿಂದ 28 ಡಿಗ್ರಿ ಹಿತ. ರಾತ್ರಿ 21-22ಕ್ಕೆ ಇಳಿದರೆ ತೊಂದರೆ ಇಲ್ಲ. ಡಿಸೆಂಬರ್, ಜನವರಿಯಲ್ಲಿ ನಮ್ಮೂರಿನ ರಾತ್ರಿ 15 ಡಿಗ್ರಿ ಆಸುಪಾಸಿಗೆ ಬರುತ್ತದೆ. ಟೈಲ್ಸ್ ನೆಲದ ಮೇಲಿಟ್ಟ ಗಾಜಿನ ಪೆಟ್ಟಿಗೆ ಬೆಳಗ್ಗೆ ಹತ್ತು ಗಂಟೆಯಾದರೂ ತಣ್ಣಗೇ ಇರುತ್ತದೆ. ಅಂಥ ಮೈಯಲ್ಲಿ ಕಪ್ಪೆಗೆ ಹಸಿವೇ ಹುಟ್ಟುವುದಿಲ್ಲ. ಹುಟ್ಟಬಾರದು ಕೂಡ. ತಣ್ಣಗಿರುವ ಹೊಟ್ಟೆಗೆ ನೀವು ಬಲವಂತವಾಗಿ ಮಾಂಸ ತುರುಕಿದರೆ ಅದು ಅರಗುವುದಿಲ್ಲ, ಅಲ್ಲೇ ಕೊಳೆಯುತ್ತದೆ. ಬಾಯಿ ಮುಚ್ಚಿಕೊಂಡು ಕೂತ ಕಪ್ಪೆ ತನ್ನ ಜೀವ ಉಳಿಸಿಕೊಳ್ಳುತ್ತಿದೆ. ನಾವು ಅದನ್ನು ಹಟ ಅಂದುಕೊಳ್ಳುತ್ತೇವೆ.

ಈ ಮಾತನ್ನು ನಾನು ಹೇಳುವ ಮೊದಲೇ ಅರ್ಥ ಮಾಡಿಕೊಂಡವರು ಒಬ್ಬರೇ. ಶಿಡ್ಲಘಟ್ಟ ಕಡೆಯ ರೇಷ್ಮೆ ರೈತರು. ಮಗ ಕಾಲೇಜಿಗೆ ಅಂತ ಹಾಸ್ಟೆಲಿಗೆ ಹೋಗುವಾಗ ಕಪ್ಪೆಯನ್ನು ಅಪ್ಪನ ಕೈಗೆ ಒಪ್ಪಿಸಿ ಹೋಗಿದ್ದ. ಹಸುವಿಗೆ ಸೂಜಿ ಹಾಕಲು ಅವರ ಮನೆಗೆ ಹೋಗಿದ್ದೆ. ಹೊರಡುವಾಗ ಮೆಲ್ಲಗೆ, "ಸಾರ್, ಹುಡುಗನ ಕಪ್ಪೆ ಮೇವು ಮುಟ್ತಾ ಇಲ್ಲ. ಅವನಿಗೆ ಏನಂತ ಹೇಳಲಿ?" ಅಂದರು.

"ನಿಮ್ಮ ಹುಳು ಜ್ವರಕ್ಕೆ ಕೂತಾಗ ಸೊಪ್ಪು ಹಾಕ್ತೀರಾ?" ಅಂತ ಕೇಳಿದೆ. ರೇಷ್ಮೆ ಹುಳು ಪೊರೆ ಬಿಡಲು ಮೇವು ನಿಲ್ಲಿಸಿ ಕೂರುವುದಕ್ಕೆ ರೈತರು ಜ್ವರ ಅನ್ನುತ್ತಾರೆ.

"ಇಲ್ಲ ಸಾರ್. ತಲೆ ಎತ್ಕೊಂಡು ಸುಮ್ನೆ ಕೂತಿರ್ತವೆ. ಎದ್ದ ಮೇಲೇ ಸೊಪ್ಪು."

"ಹುಳುಮನೆ ಚಳಿ ಆದ್ರೆ?"

"ಮೇಯೋದು ಕಮ್ಮಿ ಮಾಡ್ತವೆ. ಹೀಟರ್ ಇಡ್ತೀವಿ..." ಅಂದವರು ಅಲ್ಲಿಗೇ ನಿಲ್ಲಿಸಿ ನನ್ನ ಮುಖ ನೋಡಿದರು. ಆಮೇಲೆ ಒಳಗೆ ಹೋಗಿ ಹುಳುಮನೆಯ ಗೋಡೆಗೆ ನೇತು ಹಾಕಿದ್ದ ಥರ್ಮಾಮೀಟರ್ ತಂದು ಕಪ್ಪೆಯ ಪೆಟ್ಟಿಗೆಯಲ್ಲಿಟ್ಟರು. ಸ್ವಲ್ಪ ಹೊತ್ತು ಬಿಟ್ಟು ಇಬ್ಬರೂ ಬಗ್ಗಿ ನೋಡಿದೆವು. 18 ಡಿಗ್ರಿ.

ಪೆಟ್ಟಿಗೆಯ ಒಂದು ಪಕ್ಕಕ್ಕೆ ಹೀಟ್ ಮ್ಯಾಟ್, ಅಂದರೆ ಕರೆಂಟಿನಿಂದ ಬೆಚ್ಚಗಾಗುವ ಹಾಳೆ, ಅಂಟಿಸಲು ಹೇಳಿದೆ, ಜೊತೆಗೆ ಬಿಸಿ ಹದ ಮೀರದಂತೆ ತಡೆಯುವ ಥರ್ಮೋಸ್ಟಾಟ್. ಐದನೇ ದಿನ ರಾತ್ರಿ ಅವರ ಫೋನ್. ಕಪ್ಪೆ ಒಂದು ರೇಷ್ಮೆ ಹುಳು ನುಂಗಿತ್ತು. ಬಾಯಿ ಯಾರೂ ಬಿಡಿಸಿರಲಿಲ್ಲ.

ಹೀಟ್ ಮ್ಯಾಟನ್ನು ಪಕ್ಕಕ್ಕೇ ಹಾಕಿ ಅಂತ ಒತ್ತಿ ಹೇಳಲು ಕಾರಣ ಇದೆ. ಪ್ಯಾಕ್‌ಮನ್ ಮಣ್ಣಿನಲ್ಲಿ ಹೂತುಕೊಳ್ಳುವ ಕಪ್ಪೆ. ಸೆಕೆ ಆದರೆ ತಂಪು ಹುಡುಕಿಕೊಂಡು ಕೆಳಗೆ ಇಳಿಯುತ್ತದೆ. ಕೆಳಗೇ ಮ್ಯಾಟ್ ಇದ್ದರೆ ಹೊಟ್ಟೆ ಸುಟ್ಟುಕೊಳ್ಳುತ್ತದೆ. ಬಲ್ಬ್ ಹಾಕಿದರೆ ಮಣ್ಣು ಒಣಗುತ್ತದೆ, ಅದು ಇನ್ನೊಂದು ತೊಂದರೆ. ಮಾರ್ಚ್, ಏಪ್ರಿಲ್ ಬಂದರೆ ಕಥೆ ತಿರುಗುತ್ತದೆ. ಟ್ಯಾಂಕ್ 30 ದಾಟಿದರೂ ಕಪ್ಪೆ ಊಟ ಬಿಡುತ್ತದೆ. ಹಾಗಾಗಿ 200-300 ರೂಪಾಯಿಯ ಒಂದು ಥರ್ಮಾಮೀಟರ್ ವರ್ಷಪೂರ್ತಿ ಟ್ಯಾಂಕಿನಲ್ಲೇ ಇರಲಿ.

ಇನ್ನು ಒಣಗುವ ವಿಷಯ. ಕೆರೆಯ ಹೂಳು ಹೊಲಕ್ಕೆ ಹೊಡೆಸಿದವರಿಗೆ ಇದು ಗೊತ್ತಿರುತ್ತದೆ. ಬೇಸಿಗೆಯಲ್ಲಿ ಮಣ್ಣು ಅಗೆಯುವಾಗ ಒಳಗೆ ಕಪ್ಪೆ ಮುದುಡಿಕೊಂಡು ಮಲಗಿರುತ್ತದೆ. ತಿಂಗಳುಗಟ್ಟಲೆ ಏನೂ ತಿಂದಿರುವುದಿಲ್ಲ. ಮಳೆ ಬಿದ್ದ ರಾತ್ರಿ ಎದ್ದು ಕೂಗುತ್ತದೆ. ಅರ್ಜೆಂಟೀನಾ, ಪರಾಗ್ವೆ ಕಡೆಯ ಬಯಲಿನಿಂದ ಬಂದ ಪ್ಯಾಕ್‌ಮನ್ ಕೂಡ ಹೀಗೇ. ಮಣ್ಣು ಒಣಗಿದರೆ ಮಳೆ ಇಲ್ಲದ ಕಾಲ ಬಂತು ಅಂತ ತಿಳಿದು ಒಳಗೆ ಹೂತುಕೊಳ್ಳುತ್ತದೆ. ಉದುರಬೇಕಾದ ಚರ್ಮವನ್ನು ಪದರ ಪದರವಾಗಿ ಮೈಮೇಲೇ ಉಳಿಸಿಕೊಂಡು ಕಂದು ಬಣ್ಣದ ಚೀಲದೊಳಗೆ ಮಲಗಿಬಿಡುತ್ತದೆ. ಸತ್ತೇ ಹೋಯಿತು ಅಂತ ಗುಂಡಿ ತೋಡಿ ಕೂತಿದ್ದವರೊಬ್ಬರು ಕೊನೆ ಗಳಿಗೆಯಲ್ಲಿ ನನಗೆ ಫೋಟೋ ಕಳಿಸಿದ್ದರು. ಹದ ಬೆಚ್ಚಗಿನ, ಕ್ಲೋರಿನ್ ಇಲ್ಲದ ನೀರಿನಲ್ಲಿ ಇಡಿಸಿದೆ. ಮೂಗು ಮೇಲಿರಬೇಕು, ಹೊಟ್ಟೆ ಮಾತ್ರ ಮುಳುಗಬೇಕು. ಅರ್ಧ ಗಂಟೆಯಲ್ಲಿ ಪದರ ಮೆತ್ತಗಾಯಿತು. ಕಪ್ಪೆ ಮೈ ಉಬ್ಬಿಸಿ, ಮುಂಗಾಲಿನಿಂದ ಚರ್ಮ ಎಳೆದು ತಾನೇ ತಿಂದಿತು.

ಹೊಟ್ಟೆ ಮುಳುಗಬೇಕು ಅಂದೆನಲ್ಲ, ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆಯ ಕೆಳಗಿನ, ತೊಡೆ ಸಂದಿಯ ಚರ್ಮದಿಂದ ಹೀರುತ್ತದೆ. ನೀರಿನಲ್ಲಿ ಏನಿದೆಯೋ ಅದೂ ಒಳಗೆ ಹೋಗುತ್ತದೆ. ನಲ್ಲಿಯ ನೀರನ್ನು ಅಗಲ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಬಳಸಿ, ಬ್ಲೀಚಿಂಗ್ ಪೌಡರಿನ ವಾಸನೆ ಹೋಗುತ್ತದೆ. ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್, ಗಡಸು ಎರಡೂ ಜಾಸ್ತಿ, ಅದು ಬೇಡ. ಬರೀ ಆರ್‌ಒ ನೀರಿನಲ್ಲಿ ದಿನಾ ಕೂರಿಸುವುದೂ ಸರಿಯಲ್ಲ, ಮೈಯೊಳಗಿನ ಉಪ್ಪಿನಂಶ ನೀರಿಗೆ ಬಿಟ್ಟುಹೋಗುತ್ತದೆ. ಕಪ್ಪೆ ಹೇತ ನೀರನ್ನು ಅವತ್ತೇ ಬದಲಿಸಿ. ಅಮೋನಿಯಾ ಕೂಡಿದ ನೀರಿನಲ್ಲಿ ಕೂತ ಕಪ್ಪೆಯೂ ಊಟ ಬಿಡುತ್ತದೆ. ಅದೇ ಕೋಣೆಯಲ್ಲಿ ಸೊಳ್ಳೆ ಬತ್ತಿ, ಜಿರಲೆ ಸ್ಪ್ರೇ ಬಳಸಬೇಡಿ. ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ಮುಟ್ಟಬೇಡಿ.

ಬೆಚ್ಚಗಿದೆ, ಒದ್ದೆ ಇದೆ, ನೀರೂ ಸರಿ ಇದೆ, ಆದರೂ ತಿನ್ನುತ್ತಿಲ್ಲ ಅನ್ನುವವರ ತಟ್ಟೆಯಲ್ಲಿ ಹೆಚ್ಚಾಗಿ ಚಿಕನ್ ಚೂರು ಬಿದ್ದಿರುತ್ತದೆ. ಅಲುಗಾಡದ್ದು ಕಪ್ಪೆಯ ಕಣ್ಣಿಗೆ ಊಟ ಅಲ್ಲ. ಸಣ್ಣದೇನೋ ಕದಲಿದರೆ ಮಾತ್ರ ಅದಕ್ಕೆ ಹುಳು ಅಂತ ಹೊಳೆಯುತ್ತದೆ. ಅಮೆರಿಕದಲ್ಲಿ ವಿಜ್ಞಾನಿಗಳು 1959ರಲ್ಲೇ ಕಪ್ಪೆಯ ಕಣ್ಣಿನ ನರಗಳನ್ನು ಪರೀಕ್ಷಿಸಿ ಇದನ್ನು ತೋರಿಸಿಕೊಟ್ಟಿದ್ದಾರೆ. ಸತ್ತ ನೊಣಗಳ ರಾಶಿಯ ನಡುವೆ ಕೂತೂ ಕಪ್ಪೆ ಉಪವಾಸ ಸಾಯಬಹುದು. ಜೀವಂತ ಹುಳು ಕೊಡಿ, ಸಂಜೆ ಕತ್ತಲಾದ ಮೇಲೆ ಕೊಡಿ, ಕೊಟ್ಟು ದೂರ ಹೋಗಿ. ಮನೆಯವರೆಲ್ಲ ಮೊಬೈಲ್ ಹಿಡಿದು ಸುತ್ತ ನಿಂತರೆ ಅದು ತಿನ್ನುವುದಿಲ್ಲ. ಹೊಲದ ಎರೆಹುಳು ಒಳ್ಳೆಯದು. ಗೊಬ್ಬರದ ಗುಂಡಿಯ ಕೆಂಪು ಎರೆಹುಳು ಕೆಟ್ಟ ವಾಸನೆಯ ಹಳದಿ ರಸ ಬಿಡುತ್ತದೆ, ಎಷ್ಟೋ ಕಪ್ಪೆಗಳು ಅದನ್ನು ಉಗುಳುತ್ತವೆ. ನಮ್ಮ ಕಡೆ ಸಿಗುವ ರೇಷ್ಮೆ ಹುಳು ಮೆತ್ತಗಿರುತ್ತದೆ, ಕಪ್ಪೆಗಳು ಇಷ್ಟಪಡುತ್ತವೆ. ಆದರೆ ಔಷಧಿ ಹೊಡೆದ ಸೊಪ್ಪು ತಿಂದ ಹುಳು ಬೇಡ. ಸುಣ್ಣಕಟ್ಟು, ಹಾಲುರೋಗದಂಥ ರೇಷ್ಮೆ ಹುಳುವಿನ ಕಾಯಿಲೆ ಬಂದು ಬಿಸಾಡಿದ ಹುಳುವನ್ನೂ ತರಬೇಡಿ. ಹುಳು ಬಾಯಿಗೆ ಸಿಕ್ಕ ಮೇಲೆ ಕಪ್ಪೆಯ ಕಣ್ಣು ನೋಡಿ. ಎರಡೂ ಮುಚ್ಚಿ ತಲೆಯೊಳಕ್ಕೆ ಇಳಿಯುತ್ತವೆ. ಕಣ್ಣುಗುಡ್ಡೆಯಿಂದ ಒತ್ತಿ ಊಟವನ್ನು ಗಂಟಲಿಗೆ ತಳ್ಳುವುದು ಅದರ ರೀತಿ. ಎಷ್ಟು ಸಲ ನೋಡಿದರೂ ನನಗೆ ಬೇಜಾರು ಬಂದಿಲ್ಲ.

ಆ ಹುಡುಗನ ಕಪ್ಪೆಯ ದವಡೆ ಅಷ್ಟು ಸುಲಭವಾಗಿ ಮುರಿಯಲು ಚಮಚವೊಂದೇ ಕಾರಣ ಆಗಿರಲಿಲ್ಲ. ಅಂಗಡಿಯಿಂದ ತಂದ ದಿನದಿಂದ ಬರೀ ಚಿಕನ್ ಮತ್ತು ಮೀಲ್‌ವರ್ಮ್ ಎಂಬ ಹುಳು ತಿಂದಿತ್ತು. ಚಿಕನ್ನನ್ನು ಇಕ್ಕಳದಲ್ಲಿ ಹಿಡಿದು ಅಲ್ಲಾಡಿಸಿ ತಿನ್ನಿಸುತ್ತಿದ್ದರಂತೆ. ಕ್ಯಾಲ್ಸಿಯಂ ಪುಡಿ ಒಂದು ದಿನವೂ ಇಲ್ಲ. ಮೂಳೆ ಮೆತ್ತಗಾಗಿ ದವಡೆ ರಬ್ಬರಿನ ಹಾಗೆ ಬಾಗುತ್ತಿತ್ತು. ಕರು ಹಾಕಿದ ಹಸು ಕ್ಯಾಲ್ಸಿಯಂ ಸಾಲದೆ ಕುಸಿದು ಬೀಳುವುದನ್ನು ನಮ್ಮ ರೈತರೆಲ್ಲ ನೋಡಿದ್ದಾರೆ. ಕಪ್ಪೆಗೂ ಅದು ಬೇಕು ಅಂತ ಯಾರಿಗೂ ಹೊಳೆಯುವುದಿಲ್ಲ. ದವಡೆ ಮೆತ್ತಗಾದ ಕಪ್ಪೆಗೆ ಹಸಿವಿದ್ದರೂ ಹಿಡಿಯಲು ಆಗುವುದಿಲ್ಲ. ಹುಳುವಿಗೆ ಪ್ರತಿ ಸಲ ಅಲ್ಲದಿದ್ದರೂ ವಾರಕ್ಕೆ ಒಂದೆರಡು ಸಲ ವಿಟಮಿನ್ ಡಿ3 ಇರುವ ಕ್ಯಾಲ್ಸಿಯಂ ಪುಡಿ ಸವರಿ ಕೊಡಿ. ಎಷ್ಟು ಅನ್ನುವುದು ಕಪ್ಪೆಯ ವಯಸ್ಸಿನ ಮೇಲೆ ಹೋಗುತ್ತದೆ, ಕೇಳಿಕೊಂಡು ಕೊಡಿ.

ಹಾಗಾದರೆ ಯಾವಾಗ ಹೆದರಬೇಕು? ದಿನ ಎಣಿಸಬೇಡಿ, ತೂಕ ನೋಡಿ. ಅಡುಗೆಮನೆಯ ಗ್ರಾಂ ತಕ್ಕಡಿ ಸಾಕು, ವಾರಕ್ಕೊಮ್ಮೆ ಬರೆದಿಡಿ. ದಪ್ಪಗಿರುವ ದೊಡ್ಡ ಪ್ಯಾಕ್‌ಮನ್ ಎರಡು ಮೂರು ವಾರ ತಿನ್ನದಿದ್ದರೂ ತೂಕ ನಿಂತಿದ್ದರೆ ನಾನು ಕಾಯುತ್ತೇನೆ. ಐದು ರೂಪಾಯಿ ನಾಣ್ಯದಷ್ಟು ಮರಿ ಐದಾರು ದಿನ ತಿನ್ನದಿದ್ದರೆ ಕಾಯುವುದಿಲ್ಲ. ತೂಕ ಹತ್ತರಲ್ಲಿ ಒಂದು ಪಾಲು ಇಳಿದರೆ, ತೊಡೆ ಹೊಟ್ಟೆ ಕೆಂಪಾದರೆ, ಮೈ ನೀರು ತುಂಬಿದ ಬಲೂನಿನ ಹಾಗೆ ಉಬ್ಬಿದರೆ, ಅಂಗಾತ ಮಾಡಿದಾಗ ತಿರುಗಿಕೊಳ್ಳದಿದ್ದರೆ ಅವತ್ತೇ ಬನ್ನಿ. ಟ್ಯಾಂಕಿನಲ್ಲಿ ಸಣ್ಣ ಕಲ್ಲು ಹಾಕಿದ್ದರೆ ಅದನ್ನೂ ಹೇಳಿ, ಹುಳುವಿನ ಜೊತೆ ಕಲ್ಲು ನುಂಗಿ ಕರುಳು ಕಟ್ಟಿರಬಹುದು, ಎಕ್ಸ್‌ರೇ ಬೇಕಾಗುತ್ತದೆ. ನನ್ನ ಕೈ ಮೀರಿದ್ದನ್ನು ಬೆಂಗಳೂರಿನಲ್ಲಿ ಇಂಥ ಪ್ರಾಣಿಗಳನ್ನೇ ನೋಡುವ ವೈದ್ಯರಿಗೆ ಕಳಿಸುತ್ತೇನೆ. ಬಾಯಿ ತೆರೆದು ಉಣ್ಣಿಸುವುದನ್ನು ನಾವೂ ಮಾಡುತ್ತೇವೆ. ಆದರೆ ಮೈ ಬೆಚ್ಚಗಾಗಿ, ನೀರು ಹೀರಿಕೊಂಡ ಮೇಲೆ, ತೆಳುವಾದ ಒದ್ದೆ ಪ್ಲಾಸ್ಟಿಕ್ ಚೂರಿನಿಂದ, ಸಣ್ಣ ಕೊಳವೆಯಲ್ಲಿ. ಮನೆಯಲ್ಲಿರುವ ಹಸುವಿನ, ನಾಯಿಯ ಜಂತುಹುಳದ ಔಷಧಿ ದಯವಿಟ್ಟು ಹಾಕಬೇಡಿ.

ಮಳೆಗಾಲದಲ್ಲಿ ಕೆರೆಯಿಂದ ಹಿಡಿದು ತಂದ ಗೂಳಿಗಪ್ಪೆಯನ್ನೂ ತೋರಿಸಲು ಬರುತ್ತಾರೆ. ಅದು ಭಯಕ್ಕೇ ತಿನ್ನುವುದಿಲ್ಲ. ಕಾಲು ಮಾರುವ ದಂಧೆಯಿಂದ ಕಡಿಮೆಯಾಗುತ್ತಾ ಬಂದಿದ್ದ ಕಪ್ಪೆ ಅದು. 1985ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣ ಪಟ್ಟಿಗೆ ಸೇರಿತು, 1987ರಲ್ಲಿ ನಮ್ಮ ದೇಶ ಕಪ್ಪೆ ಕಾಲಿನ ರಫ್ತನ್ನೇ ನಿಲ್ಲಿಸಿತು. ಅವತ್ತೇ ಹಿಡಿದದ್ದಾದರೆ ಹಿಡಿದ ಜಾಗಕ್ಕೇ ಬಿಟ್ಟು ಬನ್ನಿ. ಅಂಗಡಿಯ ಕಪ್ಪೆಯನ್ನು ಮಾತ್ರ ಯಾವ ಕಾರಣಕ್ಕೂ ಕೆರೆಗೆ ಬಿಡಬೇಡಿ.

ಮುರಿದ ದವಡೆಯ ಕಪ್ಪೆ ಬದುಕಿದೆ. ಎರಡು ತಿಂಗಳು ಕೊಳವೆಯಲ್ಲಿ ಊಟ, ಕ್ಯಾಲ್ಸಿಯಂ. ದವಡೆ ಗಟ್ಟಿಯಾಯಿತು, ಸೊಟ್ಟ ಹಾಗೇ ಉಳಿಯಿತು. ಹುಳು ಹಿಡಿದಾಗ ಎಡಗಡೆಯಿಂದ ಜಾರುತ್ತದೆ, ಎರಡನೇ ಸಲಕ್ಕೆ ಹಿಡಿಯುತ್ತದೆ. ಹುಡುಗ ಈಗ ಒಂದು ನೋಟ್‌ಬುಕ್ ಇಟ್ಟಿದ್ದಾನೆ. ದಿನಾ ಬೆಳಗ್ಗೆ ರಾತ್ರಿ ಎಷ್ಟು ಡಿಗ್ರಿ, ವಾರಕ್ಕೊಮ್ಮೆ ಎಷ್ಟು ಗ್ರಾಂ ಅಂತ ಅದರಲ್ಲಿ ಬರೆಯುತ್ತಾನೆ. ನೀವು ಬರುವಾಗಲೂ ಅಂಥದ್ದೊಂದು ಪುಟ ತನ್ನಿ, ಜೊತೆಗೆ ಟ್ಯಾಂಕಿನ ಫೋಟೋ. ಕಪ್ಪೆಯನ್ನು ಒದ್ದೆ ಬಟ್ಟೆ ಹಾಸಿದ ಡಬ್ಬಿಯಲ್ಲಿ ತನ್ನಿ, ಚಳಿ ಇದ್ದರೆ ಡಬ್ಬಿಗೆ ಟವೆಲ್ ಸುತ್ತಿ. ಸಂಜೆ ಐದರ ಮೇಲೆ ಬಂದರೆ ಒಳ್ಳೆಯದು. ಬೆಳಗ್ಗೆ ಹಸು ನೋಡಲು ಹಳ್ಳಿ ಕಡೆ ಹೋಗಿರುತ್ತೇನೆ.