ಮಡಿಕೇರಿಯಲ್ಲಿ ಜಾಮ್ ಏಕೆ ಗಟ್ಟಿಯಾಗುತ್ತದೆ?

"ಮೇಡಂ, ನನ್ನ ಥರ್ಮಾಮೀಟರ್ ಹಾಳಾಗಿದೆ."

ಮಡಿಕೇರಿಯ ಒಬ್ಬ ಗೃಹಿಣಿ ಫೋನ್ ಮಾಡಿದ್ದರು. ಮನೆಯಲ್ಲೇ ಕಿತ್ತಳೆ ಜಾಮ್ ಮಾಡಿ ಪ್ರವಾಸಿಗರಿಗೆ ಮಾರುತ್ತಾರೆ. ಜಾಮ್ 105 ಡಿಗ್ರಿ ಮುಟ್ಟಿದಾಗ ಒಲೆ ಆರಿಸಿ ಎಂದು ಯಾವುದೋ ವಿಡಿಯೋದಲ್ಲಿ ನೋಡಿದ್ದರಂತೆ. ಇವರ ಪಾತ್ರೆಯಲ್ಲಿ ಮುಳ್ಳು 101ಕ್ಕೆ ಬಂದು ಮುಂದೆ ಹೋಗಲು ಒದ್ದಾಡುತ್ತಿತ್ತು. 105 ಬರುವಷ್ಟರಲ್ಲಿ ಬಣ್ಣ ಕಂದಾಗಿ, ಆರಿದ ಮೇಲೆ ಚಮಚವೇ ಇಳಿಯುತ್ತಿರಲಿಲ್ಲ. ಮೂರು ಸಲ ಹೀಗೇ ಆಗಿ ಹಣ್ಣು, ಸಕ್ಕರೆ ಎಲ್ಲಾ ದಂಡ.

ಆಹಾರ ಸಂಸ್ಕರಣೆ ಹೇಳಿಕೊಡುವ ನನ್ನ ಕೆಲಸದಲ್ಲಿ ಈ ದೂರು ಆಗಾಗ ಬರುತ್ತದೆ. ಬರೀ ನೀರು ಕುದಿಸಿ ಥರ್ಮಾಮೀಟರ್ ಇಟ್ಟು ನೋಡಿ ಅಂದೆ. 96 ತೋರಿಸಿತು. ಅಂದರೆ ಥರ್ಮಾಮೀಟರ್ ಸರಿಯಾಗಿಯೇ ಇತ್ತು.

ನೀರಿನ ಕಣಗಳು ಮೇಲ್ಮೈಯಿಂದ ಆವಿಯಾಗಿ ಹಾರುತ್ತಲೇ ಇರುತ್ತವೆ. ಬಿಸಿ ಏರಿದಂತೆ ಆ ಆವಿಯ ಒತ್ತಡವೂ ಏರುತ್ತದೆ. ಅದು ಹೊರಗಿನ ಗಾಳಿಯ ಒತ್ತಡಕ್ಕೆ ಸಮನಾದಾಗ ನೀರು ಕುದಿಯುತ್ತದೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಮ್ಮಿ, ಹಾಗಾಗಿ ನೀರು 100ರ ಬದಲು 96 ಡಿಗ್ರಿಯಲ್ಲೇ ಕುದಿಯುತ್ತದೆ.

ಈಗ ಸಕ್ಕರೆ ಹಾಕಿ. ಪ್ರತಿ ಚಮಚದಲ್ಲೂ ನೀರಿನ ಪಾಲು ಇಳಿಯಿತು, ಹಾರುವ ಕಣಗಳೂ ಇಳಿದವು. ಕುದಿಯಬೇಕಾದರೆ ಇನ್ನಷ್ಟು ಬಿಸಿ ಬೇಕು. ಫ್ರಾನ್ಸಿನ ರಸಾಯನ ವಿಜ್ಞಾನಿ ರೌಲ್ 1880ರ ದಶಕದಲ್ಲಿ ಇದನ್ನು ಅಳೆದು ನಿಯಮ ಮಾಡಿದರು.

ಸಮುದ್ರಮಟ್ಟದಲ್ಲಿ 105 ಅಂದರೆ ನೀರಿನ ಕುದಿಬಿಂದುವಿಗಿಂತ 5 ಡಿಗ್ರಿ ಜಾಸ್ತಿ. ಆಗ ಜಾಮಿನಲ್ಲಿ ಸಕ್ಕರೆ ನೂರಕ್ಕೆ 65ರಿಂದ 68 ಇರುತ್ತದೆ. ನಮಗೆ ಬೇಕಾಗಿರುವುದು ಆ 5 ಮಾತ್ರ. ಮಡಿಕೇರಿಯಲ್ಲಿ 96ಕ್ಕೆ 5 ಸೇರಿಸಿದರೆ 101. ಇಲ್ಲಿ 105ರವರೆಗೆ ಕಾಯಿಸಿದರೆ 9 ಡಿಗ್ರಿ ಏರಿಸಿದ ಹಾಗೆ. ಸಕ್ಕರೆ 75ರ ಆಸುಪಾಸಿಗೆ ಹೋಗುತ್ತದೆ, ಜಾಮನ್ನು ಹೆಪ್ಪುಗಟ್ಟಿಸುವ ಹಣ್ಣಿನ ಪೆಕ್ಟಿನ್ ಕೂಡ ಕೆಡುತ್ತದೆ. ಕುಶಾಲನಗರ ಇನ್ನೂ ತಗ್ಗಿನಲ್ಲಿದೆ, ಅಲ್ಲಿ ಲೆಕ್ಕ ಸುಮಾರು 97ರಿಂದ ಶುರು. ಒಂದೇ ಜಿಲ್ಲೆ, ಆದರೂ ಒಂದು ಡಿಗ್ರಿ ವ್ಯತ್ಯಾಸ. ಅದಕ್ಕೇ ಹೇಳುವುದು: ಜಾಮ್ ಮಾಡುವ ದಿನ ಮೊದಲು ನಿಮ್ಮ ಒಲೆಯ ಮೇಲೆ ಬರೀ ನೀರು ಕುದಿಸಿ ನೋಡಿಕೊಳ್ಳಿ. ಆಮೇಲೆ 5 ಕೂಡಿಸಿ.

ನಮ್ಮ ಅಜ್ಜಿಯರಿಗೆ ಈ ತೊಂದರೆಯೇ ಇರಲಿಲ್ಲ ಅಲ್ವಾ? ಅವರು ನೋಡುತ್ತಿದ್ದುದು ಎಳೆ ಪಾಕ. ಎರಡು ಬೆರಳ ನಡುವೆ ಎಳೆ ಬರುವುದು ಪಾಕದ ಅಂಟಿನಿಂದ, ಅಂಟು ಹೆಚ್ಚುವುದು ಕರಗಿದ ಸಕ್ಕರೆಯಿಂದ. ಅದಕ್ಕೆ ಊರಿನ ಎತ್ತರದ ಹಂಗಿಲ್ಲ. ಮಂಗಳೂರಿನಲ್ಲೂ ಮಡಿಕೇರಿಯಲ್ಲೂ ಒಂದೆಳೆ ಒಂದೆಳೆಯೇ. ಥರ್ಮಾಮೀಟರ್ ಇಲ್ಲದವರಿಗೆ ನಾನು ಧೈರ್ಯವಾಗಿ ಇದನ್ನೇ ಹೇಳುತ್ತೇನೆ.

ಬೇಳೆ ಬೇಗ ಬೇಯಲಿ ಎಂದು ನೀರಿಗೆ ಉಪ್ಪು ಹಾಕುವವರಿದ್ದಾರೆ. ಲೀಟರ್ ನೀರಿಗೆ ಒಂದು ಚಮಚ ಉಪ್ಪು ಹಾಕಿದರೆ ಕುದಿಬಿಂದು ಏರುವುದು ಡಿಗ್ರಿಯ ಹತ್ತನೇ ಒಂದು ಪಾಲಿನಷ್ಟೇ. ನಮ್ಮೂರಿಗೆ ಕುಕ್ಕರೇ ಗತಿ.

ರೌಲ್ ಮಾಡಿದ ಇದೇ ನಿಯಮ ಮಳೆಗಾಲದಲ್ಲಿ ಜೇನಿನ ಮೇಲೂ ಕೆಲಸ ಮಾಡುತ್ತದೆ. ಜೇನಿನಲ್ಲಿ ನೂರಕ್ಕೆ 80ರಷ್ಟು ಸಕ್ಕರೆ. ಅದರಿಂದ ಹಾರುವ ನೀರು ಎಷ್ಟು ಕಮ್ಮಿ ಎಂದರೆ, ಗಾಳಿಯ ತೇವ ನೂರಕ್ಕೆ 60 ದಾಟಿದರೆ ಒಳ್ಳೆಯ ಗಟ್ಟಿ ಜೇನು ಕೂಡ ಗಾಳಿಯಿಂದಲೇ ನೀರು ಎಳೆದುಕೊಳ್ಳುತ್ತದೆ. ಜುಲೈನಲ್ಲಿ ನಮ್ಮಲ್ಲಿ ತೇವ 90ರ ಮೇಲೆಯೇ. ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ತುಡುವೆ ಹುಳುಗಳ ಜೇನು ಮೊದಲೇ ಸ್ವಲ್ಪ ತೆಳು. ಡಬ್ಬಿ ಮುಚ್ಚಳ ಸಡಿಲ ಬಿಟ್ಟರೆ ಮೇಲಿನ ಪದರ ನೀರಾಗುತ್ತದೆ. ನೀರಿನಂಶ 20 ದಾಟಿದರೆ ಯೀಸ್ಟ್ ಎಚ್ಚರಾಗುತ್ತದೆ. ನೊರೆ ಬಂದು ಹುಳಿ ವಾಸನೆ ಹೊಡೆಯುತ್ತದೆ. ಕಲಬೆರಕೆ ಜೇನು ಎಂದು ಪಾಪ, ಜೇನು ಸಾಕಿದವನನ್ನು ಬೈಯುತ್ತಾರೆ. ಎಷ್ಟೋ ಸಲ ತಪ್ಪು ಮುಚ್ಚಳದ್ದು. ಮಳೆಗೆ ಮುಂಚೆ ಚಿಕ್ಕ ಬಾಟಲಿಗಳಲ್ಲಿ ತುಂಬಿ, ಬಿಗಿಯಾಗಿ ಮುಚ್ಚಿಡಿ.

ಕಾಚಂಪುಳಿ, ಅಂದರೆ ಹಣ್ಣಿನ ರಸ ಕುದಿಸಿ ಮಾಡುವ ಕೊಡಗಿನ ಕಪ್ಪು ಹುಳಿ, ಕಾಯಿಸುವವರು ಇದನ್ನೆಲ್ಲ ಹೇಗೆ ಲೆಕ್ಕ ಹಾಕಬೇಕು ಎಂದು ಕೇಳುತ್ತಾರೆ. ಹಣ್ಣಿನಿಂದ ಇಳಿದ ರಸದಲ್ಲಿ ಸಕ್ಕರೆಗಿಂತ ಹುಳಿಯ ಆಮ್ಲದ್ದೇ ಪಾರುಪತ್ಯ. ಒಬ್ಬರ ರಸದಂತೆ ಇನ್ನೊಬ್ಬರದ್ದು ಇರುವುದಿಲ್ಲ. ಅದಕ್ಕೆ ಜಾಮಿನ 5 ಡಿಗ್ರಿ ಲೆಕ್ಕ ಹೊಂದುವುದಿಲ್ಲ. ತಣ್ಣನೆ ತಟ್ಟೆಗೆ ಒಂದು ಹನಿ ಬಿಟ್ಟು ಓರೆ ಮಾಡಿ. ಕಪ್ಪಾಗಿ, ನಿಧಾನವಾಗಿ ಜಾರಿದರೆ ಸಾಕು. ಮಣ್ಣಿನ ಮಡಕೆ ಇಲ್ಲವೇ ಸ್ಟೀಲ್ ಪಾತ್ರೆ ಬಳಸಿ. ಅಲ್ಯೂಮಿನಿಯಂ ಬೇಡ, ಆ ಹುಳಿ ಪಾತ್ರೆಯನ್ನೇ ಕರಗಿಸಿಕೊಳ್ಳುತ್ತದೆ.