ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡುವ ವಿಡಿಯೋ ಅಂಗಡಿಯಲ್ಲಿ ಯಾಕೆ ಕಪ್ಪಾಗುತ್ತೆ?

ಈ ವಾರ ಇದೇ ಪ್ರಶ್ನೆ ಮೂರನೇ ಸಲ. "ಸರ, ನಾ ಮಾಡಿದ ಆ್ಯಪ್ ನನ್ನ ಲ್ಯಾಪ್‌ಟಾಪ್‌ನ್ಯಾಗ ಮಸ್ತ್ ಓಡ್ತೈತ್ರಿ. ಗಿರಾಕಿ ಅಂಗಡ್ಯಾಗ ಹಾಕಿದ್ರ ಬರೀ ದನಿ ಬರ್ತೈತಿ, ಪರದೆ ಕಪ್ಪ. ಯಾಕ್ರಿ?" ಮೊದಲಿಬ್ಬರಿಗೆ ಫೋನಿನಲ್ಲೇ ಹೇಳಿ ಗಂಟಲು ಒಣಗಿತು. ಇನ್ನು ಬರೆದೇ ಇಡುತ್ತೇನೆ, ಮುಂದೆ ಕೇಳಿದವರಿಗೆ ಇದನ್ನೇ ಕಳಿಸಿದರಾಯಿತು.

ಆ್ಯಪ್ ಎಂಥದ್ದು ಅಂತ ಬಿಡಿಸಿ ಹೇಳಬೇಕಿಲ್ಲ. ಬಳ್ಳಾರಿಯ ಜೀನ್ಸ್ ಅಂಗಡಿ, ಗೋಡೆಗೊಂದು ಟಿವಿ, ಹಿಂದೆ ಒಂದು ಹಳೇ ಪಿಸಿ, ಹೊಸ ಮಾಲಿನ ವಿಡಿಯೋ, ಕೆಳಗೆ ರೇಟು. ಆ್ಯಪ್ ಬರೆಯುವ ವಿಷುವಲ್ ಸ್ಟುಡಿಯೋದ ಟೂಲ್‌ಬಾಕ್ಸ್‌ನಲ್ಲಿ ರೈಟ್ ಕ್ಲಿಕ್ ಮಾಡಿ, ಕಾಮ್ ಕಾಂಪೊನೆಂಟ್ಸ್‌ಗೆ ಹೋಗಿ, ವಿಂಡೋಸ್ ಮೀಡಿಯಾ ಪ್ಲೇಯರ್‌ಗೆ ಟಿಕ್ ಹಾಕಿ ಫಾರ್ಮ್ ಮೇಲೆ ಎಳೆದಿರುತ್ತೀರಿ. ಯುಆರ್‌ಎಲ್‌ಗೆ ಫೈಲಿನ ದಾರಿ ಕೊಟ್ಟು, ಯುಐ ಮೋಡ್ 'ನನ್' ಮಾಡಿ ಬಟನ್‌ಗಳನ್ನೂ ತೆಗೆದಿರುತ್ತೀರಿ. ಇಷ್ಟರವರೆಗೆ ಎಲ್ಲ ಸರಿ.

ಆದರೆ ನೀವು ಎಳೆದು ಹಾಕಿದ್ದು ಬರೀ ಕಿಟಕಿ. ಇಎಕ್ಸ್‌ಇ, ಅಂದರೆ ನಿಮ್ಮ ಆ್ಯಪ್ ಫೈಲಿನ ಜೊತೆ ಹೋಗುವ ಎರಡು ಇಂಟರಾಪ್ ಡಿಎಲ್‌ಎಲ್ ಫೈಲುಗಳು ಆ್ಯಪ್‌ಗೂ ಪ್ಲೇಯರ್‌ಗೂ ನಡುವಿನ ದಲ್ಲಾಳಿಗಳು, ಮಾಲು ಅವರ ಹತ್ತಿರ ಇಲ್ಲ. ನಿಜವಾದ ಪ್ಲೇಯರ್ ಅಂಗಡಿಯ ಪಿಸಿಯದ್ದೇ, ಫೈಲಿನಲ್ಲಿ ಒತ್ತಿಟ್ಟ ಚಿತ್ರವನ್ನು ಬಿಚ್ಚಿ ತೋರಿಸುವ ಡಿಕೋಡರ್ ಕೂಡ ಅಲ್ಲಿಯದ್ದೇ. ಅಲ್ಲಿ ಧ್ವನಿಗೆ ಬೇಕಾದ ಎಎಸಿ ಡಿಕೋಡರ್ ಇದೆ, ಚಿತ್ರಕ್ಕೆ ಬೇಕಾದ ಎಚ್.265 ಡಿಕೋಡರ್ ಇಲ್ಲ (ಎಎಸಿ ಅನ್ನೋದು ದನಿಯನ್ನು, ಎಚ್.265 ಅನ್ನೋದು ಚಿತ್ರವನ್ನು ಒತ್ತಿಡುವ ಒಂದು ಬಗೆ). ಅದಕ್ಕೇ ದನಿ ಬಂತು, ಚಿತ್ರ ಬರಲಿಲ್ಲ. ಕೋಡಿನಲ್ಲಿ ತಪ್ಪು ಹುಡುಕುತ್ತಾ ರಾತ್ರಿಯೆಲ್ಲ ಕೂರಬೇಡಿ.

ಇಷ್ಟು ಹೇಳಿದ ತಕ್ಷಣ ಬರುವ ಮಾತು ನನಗೆ ಬಾಯಿಪಾಠ. "ಅದು ಎಂಪಿ4 ಅಲ್ವಾ ಸರ್? ಎಂಪಿ4 ಎಲ್ಲಾ ಕಡೆ ಓಡುತ್ತೆ."

ಓಡಲ್ಲ. ಎಂಪಿ4 ಅನ್ನೋದು ಚೀಲ. ಗಂಗಾವತಿ ಕಡೆಯ ಚೀಲದ ಮೇಲೆ ಸೋನಾ ಮಸೂರಿ ಅಂತ ಅಚ್ಚಾಗಿದ್ದರೂ ನಮ್ಮಮ್ಮ ಒಂದು ಹಿಡಿ ಅಕ್ಕಿ ಅಂಗೈಗೆ ಹಾಕಿಕೊಂಡು ನೋಡದೆ ದುಡ್ಡು ಕೊಟ್ಟವರಲ್ಲ. ನೀವು ಮಾತ್ರ ಫೈಲಿನ ಹೆಸರಿನ ಕೊನೆಯ ಮೂರಕ್ಷರ ನೋಡಿ ನಂಬಿಬಿಡುತ್ತೀರಿ. ಆ ಚೀಲದೊಳಗೆ 2003ರಲ್ಲಿ ಬಂದ ಎಚ್.264 ಇರಬಹುದು, 2013ರ ಎಚ್.265 ಇರಬಹುದು, ಅದಕ್ಕೂ ಹಿಂದಿನದ್ದೂ ಇರಬಹುದು. ಮೂರಕ್ಕೂ ಹೆಸರು ಎಂಪಿ4. ಎಚ್.264 ಡಿಕೋಡರ್ ವಿಂಡೋಸ್ 7ರಿಂದ ಒಳಗೇ ಬರುತ್ತೆ. ಎಚ್.265ಗೆ ವಿಂಡೋಸ್ 10ರಲ್ಲೂ ಸ್ಟೋರ್‌ನಿಂದ ಬೇರೆ ಎಕ್ಸ್‌ಟೆನ್ಷನ್ ಹಾಕಬೇಕು. ಇತ್ತ ಫೋನ್ ಕ್ಯಾಮೆರಾದಲ್ಲಿ ಜಾಗ ಉಳಿಯಲಿ ಅಂತ 'ಹೈ ಎಫಿಶಿಯೆನ್ಸಿ' ಆನ್ ಮಾಡಿದರೆ ರೆಕಾರ್ಡ್ ಆಗೋದು ಅದೇ ಎಚ್.265. ಅಂಗಡಿಯವರು ಕೊಡೋದು ಫೋನಲ್ಲಿ ತೆಗೆದ ವಿಡಿಯೋನೇ ತಾನೆ.

ಹೆಸರು ಬದಲಿಸಿದರೆ ಒಳಗಿನದು ಬದಲಾಗುತ್ತೆ ಅಂತ ನಂಬಿದವರೂ ಇದ್ದಾರೆ. ರಾಯಚೂರಿನ ಒಬ್ಬ ಹುಡುಗ ಎಂಕೆವಿ (ಅದೂ ಇನ್ನೊಂದು ಬಗೆಯ ಚೀಲ) ಫೈಲಿಗೆ ರೀನೇಮ್ ಕೊಟ್ಟು ಎಂಪಿ4 ಮಾಡಿ, "ಕನ್ವರ್ಟ್ ಮಾಡಿದೆ ಸರ್, ಒಂದೇ ಸೆಕೆಂಡು" ಅಂತ ಹೆಮ್ಮೆಯಿಂದ ತೋರಿಸಿದ. ಎರಡು ಜಿಬಿ ವಿಡಿಯೋ ಒಂದು ಸೆಕೆಂಡಲ್ಲಿ ಕನ್ವರ್ಟ್ ಆಗುತ್ತೇನಪ್ಪಾ, ಅಂದೆ. ಅವನಿಗೇ ನಗು ಬಂತು.

"ಹಂಗಾದ್ರೆ ನನ್ನ ಲ್ಯಾಪ್‌ಟಾಪ್‌ನಲ್ಲಿ ಹೆಂಗೆ ಓಡ್ತು?" ಯಾವತ್ತೋ ಸಿನಿಮಾ ನೋಡೋಕೆ ಅಂತ ಕೋಡೆಕ್ ಪ್ಯಾಕ್ (ಡಿಕೋಡರ್‌ಗಳ ಕಟ್ಟು) ಹಾಕಿ ಮರೆತಿರುತ್ತೀರಿ, ಇಲ್ಲಾ ಆ ಎಕ್ಸ್‌ಟೆನ್ಷನ್ ಮೊದಲೇ ಇರುತ್ತೆ. ಕೆಲವರು ಅಂಗಡಿ ಪಿಸಿಗೆ ವಿಎಲ್‌ಸಿ ಅನ್ನೋ ಬೇರೆ ಪ್ಲೇಯರ್ ಹಾಕಿ ಬರುತ್ತಾರೆ. ಅದರಿಂದ ನಯಾಪೈಸೆ ಉಪಯೋಗ ಇಲ್ಲ. ವಿಎಲ್‌ಸಿ ತನ್ನ ಡಿಕೋಡರ್‌ಗಳನ್ನು ತನ್ನ ಫೋಲ್ಡರ್‌ನಲ್ಲೇ ಇಟ್ಟುಕೊಳ್ಳುತ್ತೆ, ವಿಂಡೋಸ್ ಪ್ಲೇಯರ್‌ಗೆ ಕಡ ಕೊಡಲ್ಲ.

ಒಂದು ಕೆಲಸಕ್ಕೆ ಮಾತ್ರ ಅದು ಬೇಕು. ವಿಡಿಯೋನ ವಿಎಲ್‌ಸಿಯಲ್ಲಿ ತೆರೆದು ಕಂಟ್ರೋಲ್ ಜೆ ಒತ್ತಿ. ಕೋಡೆಕ್ ಅನ್ನೋ ಸಾಲಿನಲ್ಲಿ ಎಚ್‌ಇವಿಸಿ ಅಂತ ಇದ್ದರೆ ಅದೇ ಎಚ್.265, ಎವಿಸಿ ಅಂತ ಇದ್ದರೆ ಎಚ್.264. ಎಚ್.265 ಇದ್ದರೆ ಎಫ್‌ಎಫ್‌ಎಂಪೆಗ್ ಅನ್ನೋ ಕನ್ವರ್ಟರ್‌ನಲ್ಲಿ ಎಚ್.264ಗೆ ತಿರುಗಿಸಿ. ಹಾಗೆ ತಿರುಗಿಸುವಾಗ ಪಿಕ್ಸೆಲ್ ಫಾರ್ಮ್ಯಾಟ್ ವೈಯುವಿ420ಪಿ (ಅಂದರೆ 8 ಬಿಟ್ ಬಣ್ಣ) ಅಂತ ಕೈಯಾರೆ ಬರೆಯಿರಿ. ಮೂಲ ವಿಡಿಯೋ 10 ಬಿಟ್ ಇದ್ದು ಇದನ್ನು ಬಿಟ್ಟರೆ ಎಚ್.264 ಕೂಡ 10 ಬಿಟ್ ಆಗುತ್ತೆ, ವಿಂಡೋಸ್‌ನ ಡಿಕೋಡರ್‌ಗೆ ಅದು ಬರಲ್ಲ, ನೀವು ಮತ್ತೆ ನನಗೆ ಫೋನ್ ಮಾಡುತ್ತೀರಿ.

ಅಂಗಡಿಯವರೇ ದಿನಾ ಹೊಸ ವಿಡಿಯೋ ಹಾಕುತ್ತಾರೆ ಅಂದರೆ ತಿರುಗಿಸುತ್ತಾ ಕೂರೋಕೆ ಆಗಲ್ಲ. ಆಗ ಆ್ಯಪ್ ಒಳಗೇ ವಿಎಲ್‌ಸಿಯ ಎಂಜಿನ್ ಆದ ಲಿಬ್‌ವಿಎಲ್‌ಸಿ ಹಾಕಿ, ಡಿಕೋಡರ್‌ಗಳೂ ಜೊತೆಗೇ ಹೋಗುತ್ತವೆ. ಅದರ ಎರಡು ಡಿಎಲ್‌ಎಲ್ ಕಾಪಿ ಮಾಡಿ ಪ್ಲಗಿನ್ಸ್ ಫೋಲ್ಡರ್ ಮನೆಯಲ್ಲಿ ಬಿಟ್ಟು ಹೋಗಬೇಡಿ, ಸರಕೆಲ್ಲ ಅದರಲ್ಲೇ ಇರೋದು. 32 ಬಿಟ್ ಆ್ಯಪ್‌ಗೆ 32 ಬಿಟ್‌ದೇ ಬೇಕು.

ಯಾರೂ ಕೇಳಿಲ್ಲ, ಆದರೆ ಮುಂದಿನ ವಾರ ಕೇಳೇ ಕೇಳುತ್ತೀರಿ: ಒಂದು ವಿಡಿಯೋ ಮುಗಿದ ಮೇಲೆ ಇನ್ನೊಂದು ಯಾಕೆ ಶುರುವಾಗಲ್ಲ? ವಿಂಡೋಸ್ ಪ್ಲೇಯರ್‌ನ ಪ್ಲೇ ಸ್ಟೇಟ್ ಚೇಂಜ್ ಈವೆಂಟ್‌ನಲ್ಲಿ 8 ಬಂತು, ಅಂದರೆ ಮುಗಿಯಿತು ಅಂತ ನೋಡಿ, ಅಲ್ಲೇ ಹೊಸ ಯುಆರ್‌ಎಲ್ ಕೊಟ್ಟಿರುತ್ತೀರಿ. ಪ್ಲೇಯರ್ ಇನ್ನೂ ಹಳೆಯದನ್ನು ಮುಗಿಸುತ್ತಿರುತ್ತೆ, ಹೊಸದನ್ನು ತೆಗೆದುಕೊಂಡು 10ಕ್ಕೆ, ಅಂದರೆ 'ರೆಡಿ'ಗೆ ಬಂದು ಸುಮ್ನೆ ನಿಂತುಬಿಡುತ್ತೆ. ಯುಆರ್‌ಎಲ್ ಕೊಡುವ ಸಾಲನ್ನು ಬಿಗಿನ್‌ಇನ್ವೋಕ್ ಒಳಗೆ ಹಾಕಿ, ಈವೆಂಟ್ ಮುಗಿದ ಮೇಲೆ ಅದು ನಡೆಯಲಿ. ಲಿಬ್‌ವಿಎಲ್‌ಸಿಯಲ್ಲಿ ಇನ್ನೂ ಜಾಸ್ತಿ ಹುಷಾರಾಗಿರಬೇಕು. ಎಂಡ್ ರೀಚ್ಡ್ ಈವೆಂಟ್ ಒಳಗಿಂದಲೇ ಪ್ಲೇ ಅಂದರೆ ಇಡೀ ಆ್ಯಪ್ ಹ್ಯಾಂಗ್ ಆಗಬಹುದು, ಅಲ್ಲಿ ಕೆಲಸವನ್ನು ಬೇರೆ ಥ್ರೆಡ್‌ಗೆ ದಾಟಿಸಿ.

ಇರೋದು ಒಂದೇ ವಿಡಿಯೋ ಅಂದ್ರೆ ಇದ್ಯಾವುದೂ ಬೇಡ. ವಿಂಡೋಸ್ ಪ್ಲೇಯರ್‌ನ ಸೆಟ್ಟಿಂಗ್ಸ್‌ನಲ್ಲಿ ಸೆಟ್‌ಮೋಡ್ 'ಲೂಪ್', ಟ್ರೂ. ಒಂದೇ ಸಾಲು.